ಸಂಜೆ ತರಗತಿಯ ಕಂಪ್ಯೂಟರ್: ಆರನೆಯ ವಾರದ ಟಿಪ್ಪಣಿ

ಶಿಡ್ಲಘಟ್ಟದ ನಮ್ಮ ಬೀದಿಯ ವಯಸ್ಕರ ಸಂಜೆ ತರಗತಿಗೆ ಎರಡು ಹಳೆಯ ಕಂಪ್ಯೂಟರ್‌ಗಳು ಬಂದು ಆರು ವಾರಗಳಾದವು. ಕಲಿಯಲು ಬರುವ ಏಳು ಮಂದಿ ಹೆಂಗಸರಲ್ಲಿ ಹೆಚ್ಚಿನವರು ರೇಷ್ಮೆ ನೂಲು ಬಿಚ್ಚುವ ಕೆಲಸದವರು, ಮನೆಯಲ್ಲಿ ತೆಲುಗು ಮಾತಾಡುವವರು. ಇವರಿಗೆ ಕನ್ನಡ ಟೈಪು ಮಾಡಲು ಯಾವ ಕೀಲಿಮಣೆ ವಿನ್ಯಾಸ ಕಲಿಸಬೇಕೆಂದು ಕಳೆದ ಟಿಪ್ಪಣಿಯಲ್ಲಿ ಬಾಕಿ ಉಳಿದಿದ್ದ ಪ್ರಶ್ನೆ ಈಗ ಇತ್ಯರ್ಥವಾಗಿದೆ.

ನಾನು ದಿನವೂ ಬಳಸುವುದು ಕೆ.ಪಿ. ರಾವ್ ಅವರು ಕನ್ನಡಕ್ಕಾಗಿ ರೂಪಿಸಿದ ಕೀಲಿಮಣೆ ವಿನ್ಯಾಸವನ್ನು. ಅದರಲ್ಲಿ ಇಂಗ್ಲಿಷಿನ ಕೆ ಒತ್ತಿದರೆ ಕ, ಎಂ ಒತ್ತಿದರೆ ಮ ಮೂಡುತ್ತದೆ. ಆದರೆ ಇಂಗ್ಲಿಷ್ ಅಕ್ಷರವನ್ನೇ ಅರಿಯದವರಿಗೆ ಆ ಹೊಂದಾಣಿಕೆಯಿಂದ ಏನೂ ಪ್ರಯೋಜನವಿಲ್ಲವೆಂಬುದು ಹೊಳೆಯಲು ನನಗೆ ಎರಡು ವಾರ ಹಿಡಿಯಿತು. ಸ್ವರಗಳು ಎಡಗೈಗೂ ವ್ಯಂಜನಗಳು ಹೆಚ್ಚಾಗಿ ಬಲಗೈಗೂ ಸಿಗುವ, ಕ ಮತ್ತು ಖ ಒಂದೇ ಕೀಲಿಯಲ್ಲಿರುವ ಇನ್‌ಸ್ಕ್ರಿಪ್ಟ್ ಎಂಬ, ಭಾರತೀಯ ಭಾಷೆಗಳ ಪ್ರಮಾಣಿತ ವಿನ್ಯಾಸಕ್ಕೆ ಬದಲಾಯಿಸಿದೆ. ಕೀಲಿಗಳ ಮೇಲೆ ಅಂಟಿಸಿದ್ದ ಕನ್ನಡ ಅಕ್ಷರದ ಚೀಟಿಗಳು ಮೂರೇ ದಿನಕ್ಕೆ ಎದ್ದುಬಂದವು. ಹಗಲೆಲ್ಲ ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳುಗಳ ತೇವ ಸಂಜೆಗೂ ಆರಿರುವುದಿಲ್ಲ. ಈಗ ಚೀಟಿಗಳ ಮೇಲೆ ಟೇಪು ಹಾಕಿದ್ದೇನೆ.

ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಎಂಬ ಸಾಫ್ಟ್‌ವೇರ್ ಕಂಪನಿಯು ತನ್ನ ಹಿಂದಿನ ಮುಖ್ಯಸ್ಥ ಎಫ್.ಸಿ. ಕೊಹ್ಲಿಯವರ ಪ್ರೇರಣೆಯಿಂದ 2000ರ ಸುಮಾರಿಗೆ ಮೊದಲು ತೆಲುಗಿನಲ್ಲಿ ರೂಪಿಸಿದ ವಯಸ್ಕರ ಸಾಕ್ಷರತಾ ತಂತ್ರಾಂಶವು ವರ್ಣಮಾಲೆಯಿಂದಲ್ಲ, ಬಳಕೆಯ ಪದಗಳಿಂದ ಆರಂಭವಾಗುತ್ತಿತ್ತು. ಅದೇ ಜಾಡಿನಲ್ಲಿ ನಾನು ಮೊದಲು ‘ಗೂಡು’ ಎಂಬ ಪದವನ್ನು ಆರಿಸಿಕೊಂಡೆ. ಅದು ತೆಲುಗಿಗೂ ಸಲ್ಲುತ್ತದೆ. ಅದು ಸುಸೂತ್ರವಾಗಿ ನಡೆಯಿತು. ತೊಡಕು ಶುರುವಾದದ್ದು ‘ರೇಷ್ಮೆ’ಯಿಂದ.

ಸ್ಲೇಟಿನ ಮೇಲೆ ನಾವು ‘ಷೆ’ ಬರೆದು ಅದರ ಕೆಳಗೆ ಮ ಒತ್ತು ಕೊಡುತ್ತೇವೆ. ಕಂಪ್ಯೂಟರಿಗೆ ಮಾತ್ರ ಷ, ವಿರಾಮ (ಅಕ್ಷರದ ಸ್ವರ ತೆಗೆದು ‘ಷ್’ ಮಾಡುವ ಚಿಹ್ನೆ), ಮ, ಕೊನೆಯಲ್ಲಿ ಎತ್ವ ಎಂಬ ಕ್ರಮವೇ ಬೇಕು, ಅಂದರೆ ಬಾಯಿ ಉಚ್ಚರಿಸುವ ಕ್ರಮ. ವಿರಾಮ ಒತ್ತಿದೊಡನೆ ಪರದೆಯಲ್ಲಿ ‘ರೇಷ್’ ಎಂದು ಮೂಡಿದ್ದನ್ನು ಕಂಡ ಒಬ್ಬರು, “ಕೆಟ್ಟೋಯ್ತು ಸಾರ್” ಎನ್ನುತ್ತ ಅಷ್ಟನ್ನೂ ಅಳಿಸಿಬಿಟ್ಟರು. ನಾಲ್ಕು ಸಲ ಹೀಗೇ ಆಯಿತು. ಐದನೆಯ ಸಲ ನಾನು ಅವರ ಕೈ ತಡೆದು, ಪದವನ್ನು ಜೋರಾಗಿ ಹೇಳುತ್ತಲೇ ಒತ್ತುವಂತೆ ಕೇಳಿಕೊಂಡೆ. ಮ ಒತ್ತಿದಾಗ ಅದು ತಾನಾಗಿ ಕೆಳಗಿಳಿದು ಕುಳಿತದ್ದನ್ನು ನೋಡಿ ಅವರು ಪಕ್ಕದವರನ್ನೂ ಕರೆದು ತೋರಿಸಿದರು.

ನಾನು ಎಣಿಸದಿದ್ದ ಸಂಗತಿಯೊಂದು ಈ ವಾರ ಕಂಡಿತು. ಎಂದೂ ಸ್ಲೇಟು ಹಿಡಿಯದ ಹಿರಿಯರೊಬ್ಬರು ‘ಖರ್ಚು’ ಪದವನ್ನು ಕಿವಿಗೆ ಕೇಳಿದ ಕ್ರಮದಲ್ಲೇ ಎರಡನೆಯ ಯತ್ನಕ್ಕೆ ಮೂಡಿಸಿದರು. ಮೂರನೆಯ ತರಗತಿಯವರೆಗೆ ಓದಿದವರು ಮಾತ್ರ ಮೊದಲು ‘ಖಚು’ ಎಂದು ಒತ್ತಿ, ಆಮೇಲೆ ಅರ್ಕಾವತ್ತಿನ ಕೀಲಿಯನ್ನು ಬಹಳ ಹೊತ್ತು ಹುಡುಕಿದರು. ಆಮೇಲೆ ಒತ್ತುವ ಅಂಥ ಕೀಲಿ ಇಲ್ಲ, ‘ರ್’ ಅನ್ನು ಚಕಾರಕ್ಕೆ ಮೊದಲೇ ಒತ್ತಬೇಕು ಎಂದಾಗ, ಕೈಬರಹದಲ್ಲಿರುವುದು ಇದರಲ್ಲಿ ಏಕಿಲ್ಲವೆಂದು ಕೇಳಿದರು. ಅವರಿಗಾಗಿ ಅರ್ಜಿ, ವರ್ಷ, ಊರ್ಮಿಳಾ ಮೊದಲಾದ ಇಪ್ಪತ್ತು ಪದಗಳ ಅಭ್ಯಾಸವೊಂದನ್ನು ಸಿದ್ಧಪಡಿಸುತ್ತಿದ್ದೇನೆ; ಹನ್ನೊಂದು ಮುಗಿದಿವೆ.