ಬಂದೂಕಿಲ್ಲದ ಮನೆಗೆ ಬಂದೂಕಿನ ಸ್ಟ್ಯಾಂಡು

ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ ಕೊನೆ ಬಂತೆಂದರೆ ಜಿಂಕೆ ಬೇಟೆಯ ಗಲಾಟೆ. ಮೊದಲೆಲ್ಲ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ರೈಫಲ್ ಬೇಟೆ ಶುರುವಾಗುತ್ತಿತ್ತು. 2019ರಿಂದ ಅದನ್ನು ಶನಿವಾರಕ್ಕೆ ತಂದಿದ್ದಾರೆ. ಆದರೂ ಹಳ್ಳಿ ಕಡೆಯ ಎಷ್ಟೋ ಶಾಲೆಗಳಿಗೆ ಆ ಸೋಮವಾರ ಇಂದಿಗೂ ರಜೆ. ನಮ್ಮಲ್ಲಿ ಸವದತ್ತಿ ಎಲ್ಲಮ್ಮನ ಜಾತ್ರೆಗೆ ಊರಿಗೆ ಊರೇ ಹೊರಡುವ ಹಾಗೆ, ಇಲ್ಲಿ ಗಂಡಸರು, ಹೆಣ್ಣುಮಕ್ಕಳು, ಹುಡುಗರು ಎಲ್ಲ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಕಾಡಿಗೆ ಹೋಗುತ್ತಾರೆ. ಆ ಬಣ್ಣ ಕಾನೂನಿನ ಪ್ರಕಾರ ಕಡ್ಡಾಯ, ಇನ್ನೊಬ್ಬ ಬೇಟೆಗಾರನ ಗುಂಡಿಗೆ ಸಿಗಬಾರದಲ್ವಾ.

ಹಾಗಾಗಿ ಇಲ್ಲಿನ ಹಳೇ ಮನೆಗಳಲ್ಲಿ ಗೋಡೆಗೆ ಮರದ ಬಂದೂಕಿನ ಸ್ಟ್ಯಾಂಡು ಇರುತ್ತಿತ್ತು. ಎರಡು ಕಡೆ ಎರಡು ಹಲಗೆ, ಅದರಲ್ಲಿ ಬಂದೂಕು ಕೂರುವಂಥ ಕೊರೆದ ಗುಂಡನೆಯ ಕಚ್ಚುಗಳು, ಕೆಳಗೆ ತೋಟಾ ಇಡೋಕೆ ಬೀಗದ ಡ್ರಾವರ್. ಈಗ ಮಕ್ಕಳಿರುವ ಎಷ್ಟೋ ಮನೆಯವರು ಬಂದೂಕನ್ನು ಉಕ್ಕಿನ ತಿಜೋರಿಯಲ್ಲಿ ಇಡುತ್ತಾರೆ. ಇಡಲೇಬೇಕು. ಗೋಡೆಯ ಮೇಲೆ ಎಲ್ಲರ ಕೈಗೆ ಸಿಗುವಂತೆ ತೂಗುಹಾಕುವುದು ಎಷ್ಟೇ ಚೆಂದ ಕಂಡರೂ ಬುದ್ಧಿವಂತಿಕೆ ಅಲ್ಲ. ಹೀಗಾಗಿ ಸ್ಟ್ಯಾಂಡುಗಳು ಗ್ಯಾರೇಜ್ ಸೇಲ್‌ಗೆ, ಅಂದರೆ ಮನೆಯ ಹಳೇ ಸಾಮಾನನ್ನು ಮನೆ ಮುಂದೆಯೇ ಇಟ್ಟು ಮಾರುವ ಸಂತೆಗೆ, ಬರುತ್ತವೆ. ನಾನು ತಂದದ್ದು ಅಂಥದೇ ಒಂದು. ಕಪ್ಪು ಅಕ್ರೋಟ ಮರದ್ದು, ಮುಖವೆಲ್ಲ ಬಿರುಕು ಬಿಟ್ಟ ಕೆರೆಯಂಗಳ.

ವಿಡಿಯೋ ಕಾಲಿನಲ್ಲಿ ನೋಡಿದ ಅವ್ವ ಕೇಳಿದಳು, "ಬಂದೂಕ ಇಲ್ಲದ ಮನಿಗೆ ಇದ್ಯಾಕಪಾ?"

ನಮ್ಮದು ಖಾನಾಪುರ ತಾಲೂಕು. ನಂದಗಡದ ಹತ್ತಿರ. ಕಾಡಿನ ಅಂಚಿನ ಹೊಲಗಳಿಗೆ ಹಂದಿ ಕಾಟ, ಬೆಳೆ ಕಾಯೋಕೆ ಅಂತ ಲೈಸೆನ್ಸ್ ಪಡೆದ ಮನೆಗಳು ಅಲ್ಲಲ್ಲಿ ಇದ್ದವು. ಅಜ್ಜನದೂ ಅಂಥ ಮನೆ. ಪಡಸಾಲೆಯ ಗೋಡೆಗೆ ಎರಡು ಸಾಗವಾನಿ ಗೂಟ, ಅದರ ಮೇಲೆ ಬಂದೂಕು. ಖಂಡೇನವಮಿಗೆ ಅದಕ್ಕೆ ಕುಂಕುಮ, ಚೆಂಡು ಹೂವು. ಚುನಾವಣೆ ಬಂದರೆ ಬಂದೂಕನ್ನು ಪೊಲೀಸ್ ಠಾಣೆಗೆ ಜಮಾ ಮಾಡಬೇಕು, ಅದು ಈಗಲೂ ಇದೆ. ಪಂಚಾಯತಿ, ವಿಧಾನಸಭೆ, ಲೋಕಸಭೆ ಅಂತ ಒಂದಾದ ಮೇಲೊಂದು ಬಂದರೆ ಗೂಟಗಳು ಖಾಲಿ. ಆಗ ಅಲ್ಲಿ ಅಜ್ಜನ ರುಮಾಲು ನೇತಾಡುತ್ತಿತ್ತು. ನಾನು ಕಂಡ ಬಂದೂಕು ಇಷ್ಟೇ. ಇನ್ನು ಕೇಳಿದ್ದು, ಕಿತ್ತೂರಿನಲ್ಲಿ 1824ರಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಗೆ ಬಿದ್ದ ಅಮಟೂರು ಬಾಳಪ್ಪನ ಗುಂಡು. ನಮ್ಮ ಕಡೆ ಅದನ್ನು ಕೇಳದೆ ಬೆಳೆದ ಹುಡುಗ ಇಲ್ಲ.

ಊರಲ್ಲಿದ್ದಾಗ ನಾನು ರಂದಾ ಹಿಡಿದವನಲ್ಲ. ಕಿಟಕಿ ಬಿಗಿಯಾದರೂ ಬಡಿಗೇರ ಕಾಕಾ ಬರಬೇಕು. ಇಲ್ಲಿ ಒಬ್ಬ ಬಡಿಗನನ್ನು ಮನೆಗೆ ಕರೆಸಿದರೆ ಅವನ ಕೂಲಿಯಲ್ಲಿ ಹೊಸ ಮೇಜೇ ಬರುತ್ತದೆ. ಅದಕ್ಕೇ ಡಾಕ್ಟರು, ಮೇಷ್ಟ್ರು, ಬ್ಯಾಂಕಿನವರು ಎಲ್ಲರ ಗ್ಯಾರೇಜಿನಲ್ಲೂ ಒಂದು ಕೆಲಸದ ಬೆಂಚು, ಗೋಡೆ ತುಂಬ ಸಾಮಾನು. ಕೈಗೆ ಮರದ ಪುಡಿ ಹತ್ತಿಸಿಕೊಂಡು ಬಾಗಿಲಿಗೆ ಬರೋಕೆ ಯಾರಿಗೂ ನಾಚಿಕೆ ಇಲ್ಲ. ಇದು ನನಗೆ ತುಂಬ ಹಿಡಿಸಿತು. ನಮ್ಮಲ್ಲಿ ಬಡಿಗನ ಮಗ ಮಾತ್ರ ಬಡಿಗತನ ಮಾಡಬೇಕು ಅಂತ ಯಾರು ಹೇಳಿದರೋ!

ಕಾಕಾನಿಗೆ ಈಗ ವಯಸ್ಸಾಗಿದೆ, ಕೆಲಸ ಬಿಟ್ಟಿದ್ದಾರೆ, ಬಾಯಿ ಬಿಟ್ಟಿಲ್ಲ. ಬೇಸಿಗೆಯಲ್ಲಿ ಇಲ್ಲಿ ಬೆಳಗ್ಗೆ 8 ಅಂದರೆ ಅಲ್ಲಿ ಸಂಜೆ ಐದೂವರೆ. ಅಪ್ಪ ಫೋನ್ ಹಿಡಿದುಕೊಂಡು ಅವರ ಕಟ್ಟೆಗೆ ಹೋಗುತ್ತಿದ್ದರು. ಇತ್ತ ಪಕ್ಕದ ಮನೆಯ ಅಮೆರಿಕನ್ ಅಜ್ಜ ಬಂದು ನಿಲ್ಲುತ್ತಿದ್ದ. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಆದರೂ ಜಗಳ ಮಾತ್ರ ಸರಿಯಾಗಿ ಆಯಿತು. ಕಾಕಾ, "ಎಲ್ಲಾ ಕೆರದು ತಗೀ ತಮ್ಮಾ, ಮೆಲಮೈನ್ ಪಾಲಿಶ್ ಹೊಡಿ, ಹೊಸಾದ ಆಗ್ತೈತಿ" ಅನ್ನುತ್ತಾರೆ. ಅಮೆರಿಕನ್ ಅಜ್ಜ, ಹಳೇ ಬಣ್ಣವನ್ನು ಮುಟ್ಟಲೇಬೇಡ, ಮುಟ್ಟಿದರೆ ಬೆಲೆ ಹೋಯಿತು ಅನ್ನುತ್ತಾನೆ.

ದಾರಿ ತೋರಿಸಿದ್ದೂ ಕಾಕಾನೇ. "ಮದಲ ಯಾವ ಪಾಲಿಶ್ ಐತಿ ನೋಡು. ಕಾಣದ ಜಾಗಾದಾಗ ಸ್ಪಿರಿಟ್ ಹಚ್ಚು." ಡ್ರಾವರಿನ ಹಿಂದೆ ಹತ್ತಿಯಲ್ಲಿ ಒಂದು ಹನಿ ಸ್ಪಿರಿಟ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಹತ್ತಿ ಅಂಟಿಕೊಂಡಿತು, ಎಳೆದರೆ ಕಂದು ಬಣ್ಣದ ನೂಲು. ಅರಗಿನ ಪಾಲಿಶ್. ವಾರ್ನಿಶ್ ಆಗಿದ್ದರೆ ಸ್ಪಿರಿಟ್‌ಗೆ ಜಗ್ಗುತ್ತಿರಲಿಲ್ಲ. ಅರಗು ಅಂದರೆ ಮುತ್ತುಗ, ಬೋರೆಯಂಥ ಗಿಡಗಳ ಟೊಂಗೆ ಮೇಲೆ ಹುಳ ಕಟ್ಟುವ ಅಂಟು. ಜಾರ್ಖಂಡಿನ ಕಡೆ ಜಾಸ್ತಿ. ಅದರ ಅಧ್ಯಯನಕ್ಕೇ ರಾಂಚಿ ಹತ್ತಿರದ ನಾಮ್ಕುಮ್‌ನಲ್ಲಿ 1924ರಲ್ಲಿ ಒಂದು ಸಂಸ್ಥೆ ಶುರುವಾಯಿತು. ಹಳೇ ಗ್ರಾಮಫೋನ್ ಪ್ಲೇಟುಗಳೂ ಇದೇ ಅರಗಿನವು. ಅಮೆರಿಕದ ಅಕ್ರೋಟ ಮರದ ಮೇಲೆ ನಮ್ಮ ದೇಶದ ಹುಳದ ಅಂಟು ಇರಬಹುದು ಅಂತ ಹೇಳಿದಾಗ ಅಮೆರಿಕನ್ ಅಜ್ಜ ಒಂದು ಹೆಜ್ಜೆ ಹಿಂದೆ ಸರಿದ.

ಅರಗಿನ ಗುಣ ಏನೆಂದರೆ, ಎಷ್ಟು ವರ್ಷವಾದರೂ ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ. ಅಂದ ಮೇಲೆ ಕೆರೆಯುವುದೂ ಬೇಡ, ಹಾಗೇ ಬಿಡುವುದೂ ಬೇಡ. ಬ್ರಶ್ಶಿನಲ್ಲಿ ಸ್ಪಿರಿಟ್ ತೆಗೆದುಕೊಂಡು ಒಂದೇ ದಿಕ್ಕಿಗೆ ಎಳೆದರೆ ಬಿರುಕು ಬಿಟ್ಟ ಹಳೇ ಪಾಲಿಶ್ಶೇ ಮೆತ್ತಗಾಗಿ ಹರಡಿ ಕೂಡಿಕೊಳ್ಳುತ್ತದೆ. ಒಣಗಿದ ಮೇಲೆ ಅದರ ಮೇಲೊಂದು ತೆಳುವಾದ ಹೊಸ ಅರಗಿನ ಕೈ. ಹೊಸದು ಹಳೆಯದರೊಳಗೇ ಕರಗಿ ಒಂದಾಗುತ್ತದೆ. ಇಬ್ಬರು ಮುದುಕರೂ ತಾನೇ ಗೆದ್ದೆ ಅಂದುಕೊಂಡರು.

ಆದರೆ ಅದಕ್ಕೂ ಮೊದಲು ಎಣ್ಣೆ. ಕಚ್ಚುಗಳ ಹತ್ತಿರ ಪಾಲಿಶ್ ಸವೆದು, ಬಂದೂಕಿಗೆ ಹಚ್ಚಿದ ಎಣ್ಣೆ ವರ್ಷಗಟ್ಟಲೆ ಮರಕ್ಕೆ ಇಳಿದು ಕಪ್ಪಾಗಿತ್ತು. ಎಣ್ಣೆ ಇರುವಲ್ಲಿ ಯಾವ ಪಾಲಿಶ್ಶೂ ನಿಲ್ಲುವುದಿಲ್ಲ. ಉಜ್ಜಿದರೂ ಹೋಗುವುದಿಲ್ಲ, ಅಷ್ಟು ಆಳ. ಇದಕ್ಕೆ ಇಲ್ಲಿಯ ಬಂದೂಕು ರಿಪೇರಿಯವರ ಹಳೇ ಉಪಾಯ ಒಂದಿದೆ. ಖಡುವಿನ, ಅಂದರೆ ಸೀಮೆಸುಣ್ಣದ, ನುಣ್ಣನೆ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ದಪ್ಪಗೆ ಮೆತ್ತುವುದು. ಥಿನ್ನರ್ ಅಂದರೆ ಟರ್ಪಂಟೈನ್ ಥರದ್ದು, ಅದು ಅರಗನ್ನು ಕರಗಿಸುವುದಿಲ್ಲ, ಎಣ್ಣೆಯನ್ನು ಮಾತ್ರ ಸಡಿಲ ಮಾಡುತ್ತದೆ. ಒಣಗುತ್ತಾ ಹೋದಂತೆ ಬಿಳಿ ಪುಡಿ ಅಂಚಿನಿಂದ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ಬ್ರಶ್ಶಿನಿಂದ ಉದುರಿಸಿ ಮತ್ತೆ ಮೆತ್ತಬೇಕು. ಪುಡಿ ಬಿಳಿಯಾಗೇ ಉಳಿಯುವವರೆಗೆ. ಬೇಸರದ ಕೆಲಸ, ಆದರೆ ನೋಡೋಕೆ ಮಜಾ. ಹೊರಗೆ ಗಾಳಿಯಲ್ಲೇ ಮಾಡಬೇಕು, ಹತ್ತಿರ ಬೆಂಕಿ ಕಡ್ಡಿಯೂ ಬೇಡ.

ಡ್ರಾವರಿನ ಮೂಲೆ ಸಡಿಲಾಗಿತ್ತು. ಹಳೇ ಸರೇಸಿನ ಅಂಟು. ಬಿಸಿನೀರಿಗೆ ಬಿಟ್ಟುಕೊಂಡಿತು, ಹೊಸ ಸರೇಸು ಹಾಕಿ ಬಿಗಿದೆ. ಹಿತ್ತಾಳೆಯ ಬೀಗದ ತಟ್ಟೆಗೆ ಹುಣಸೆಹಣ್ಣು, ಇದರಲ್ಲಿ ಹೇಳೋಕೇನಿದೆ. ಕಚ್ಚುಗಳಿಗೆ ಅಂಟಿಸಿದ್ದ ಹಸಿರು ಉಣ್ಣೆ ಬಟ್ಟೆಯನ್ನು ನುಸಿ ತಿಂದಿತ್ತು, ಕಿತ್ತು ಬೇರೆ ಅಂಟಿಸಿದೆ. ಹಿಂದಿನ ಹಲಗೆಗೆ ಯಾವ ಪಾಲಿಶ್ಶೂ ಇರಲಿಲ್ಲ, ಅದಕ್ಕೆ ಅಗಸೆ ಎಣ್ಣೆ ಹಚ್ಚಿದೆ. ಇಲ್ಲಿ ಒಂದು ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಾಳಿ ಹೀರಿ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ಬಟ್ಟೆ ತಾನಾಗೇ ಹತ್ತಿಕೊಳ್ಳುತ್ತದೆ. ಒಂದೊಂದಾಗಿ ಹರವಿ ಒಣಗಿಸಬೇಕು. ಇದನ್ನು ಹೇಳಿದರೆ ಅವ್ವ ನಂಬಲಿಲ್ಲ. "ಹುಟ್ಟಿದಾಗಿಂದ ಅಗಸಿ ಚಟ್ನಿ ತಿಂದೇವಿ, ಯಾರ ಹೊಟ್ಟಿಗೂ ಬೆಂಕಿ ಹತ್ತಿಲ್ಲ."

ಡ್ರಾವರಿನ ತಳದಲ್ಲಿ ಪೆನ್ಸಿಲ್ಲಿನಲ್ಲಿ ಇಸವಿಗಳ ಪಟ್ಟಿ, ಪಕ್ಕದಲ್ಲಿ ಜಿಂಕೆಯ ಕೋಡಿನ ಕವಲುಗಳ ಲೆಕ್ಕ. ಕೆಲವು ವರ್ಷದ ಮುಂದೆ ಬರೀ ಗೆರೆ, ಆ ಸಲ ಏನೂ ಸಿಕ್ಕಿಲ್ಲ ಅಂತ ಕಾಣುತ್ತದೆ. ಅಲ್ಲಿಗೆ ಪಾಲಿಶ್ ಪೇಪರ್ ಹಚ್ಚಲಿಲ್ಲ. ಕಾಕಾ ಮಾತ್ರ, ಗೀಚಿದ್ದನ್ನ ಯಾಕ ಬಿಟ್ಟಿ ಅಂತ ಬೈದರು.

ಕೊನೆಗೆ ತೂಗುಹಾಕುವ ಕೆಲಸ. ಊರಿನ ಕೆಂಪುಕಲ್ಲಿನ ಗೋಡೆಗೆ ಎಲ್ಲಿ ಬೇಕಾದರೂ ತೂತು ಹೊಡೆಯಬಹುದು. ಇಲ್ಲಿ ಗೋಡೆ ಅಂದರೆ ಮರದ ಕಂಬಗಳಿಗೆ ಹೊಡೆದ ಜಿಪ್ಸಂ ಹಾಳೆ. ಸಾಮಾನ್ಯವಾಗಿ 16 ಇಂಚಿಗೊಂದು ಕಂಬ. ಭಾರದ ಸಾಮಾನನ್ನು ಕಂಬಕ್ಕೇ ಸ್ಕ್ರೂ ಹಾಕಬೇಕು, ಇಲ್ಲದಿದ್ದರೆ ಗೋಡೆ ಸಮೇತ ಕೆಳಗೆ. ಆಯಸ್ಕಾಂತವನ್ನು ಗೋಡೆ ಮೇಲೆ ಆಡಿಸಿದರೆ ಒಳಗಿನ ಸ್ಕ್ರೂ ಇರುವಲ್ಲಿ ಅಂಟಿಕೊಳ್ಳುತ್ತದೆ. ಕಂಬ ಅಲ್ಲೇ. ಈಗ ಮೇಲಿನ ಕಚ್ಚಿನಲ್ಲಿ ಕೊಡೆ, ನಡುವೆ ಮಗಳ ಹಾಕಿ ಸ್ಟಿಕ್ಕು, ಕೆಳಗೆ ಕಾರಿನ ಹಿಮ ಕೆರೆಯುವ ಬ್ರಶ್ಶು. ಡ್ರಾವರಿನಲ್ಲಿ ಕೀಲಿಕೈ.

ಕಾಕಾನ ಕಣ್ಣು ಮಾತ್ರ ಬೇರೆ ಕಡೆ. ಬೆಂಚಿನ ಮೇಲೆ ಬಿದ್ದಿದ್ದ ಸ್ಕ್ರೇಪರ್, ಅಂದರೆ ಪಾಲಿಶ್ ಕೆರೆಯುವ ತೆಳು ಉಕ್ಕಿನ ತಗಡು, ವಿಡಿಯೋದಲ್ಲಿ ಕಂಡಿದೆ. ಅವರು ಜೀವಮಾನವೆಲ್ಲ ಒಡೆದ ಗಾಜಿನ ಚೂರಿನಲ್ಲೇ ಕೆರೆದವರು. ಡಿಸೆಂಬರ್‌ನಲ್ಲಿ ಬರುವಾಗ ಅಂಥದು ಒಂದು ತರಬೇಕಂತೆ. ಕೆಲಸ ಬಿಟ್ಟೀರಲ್ಲ ಕಾಕಾ ಅಂದರೆ, "ನೀ ತಗೊಂಡ ಬಾ, ಆಮ್ಯಾಲ ನೋಡೋಣು" ಅಂದರು.