ಚೀಲ ಜೋಡಿಸುವುದೂ ಪಾಠವೇ

ಸಿಂಧನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕಿ. ‘ಇವನಿಗೆ ಶಿಸ್ತೇ ಇಲ್ಲ’ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ಭಿನ್ನರಾಶಿ ಬಾರದವನಿಗೆ ಭಿನ್ನರಾಶಿ ಕಲಿಸುತ್ತೇವೆ. ಚೀಲ ಜೋಡಿಸಲು ಬಾರದವನನ್ನು ಬೈದು ಕೈತೊಳೆದುಕೊಳ್ಳುತ್ತೇವೆ.

ಎಂಟನೆಯ ತರಗತಿಯ ಒಬ್ಬನ ಚೀಲವನ್ನು ಅವನೂ ನಾನೂ ಕುಳಿತು ಬಿಚ್ಚಿದೆವು. ಒಂದೇ ನೋಟ್‌ಬುಕ್ಕಿನಲ್ಲಿ ಮುಂದಿನಿಂದ ಸಮಾಜ, ಹಿಂದಿನಿಂದ ಗಣಿತ, ನಡುವೆ ಹಿಂದಿ. ಮುಳ್ಳು ಮುರಿದ ಕೈವಾರ, ಮುದುರಿದ ಪ್ರಶ್ನೆಪತ್ರಿಕೆಗಳು. ತಳದಲ್ಲಿ ನನ್ನದೇ ವಿಷಯದ ಚಟುವಟಿಕೆ ಹಾಳೆ, ಅದೂ ಬರೆದು ಮುಗಿಸಿದ್ದು! ವರ್ಷದ ನಡುನಡುವೆ ಚಟುವಟಿಕೆಗಳಿಗೆ ಅಂಕ ಕೊಡುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಅಂಕ ಹೋದದ್ದು ಬರೆಯದೇ ಇದ್ದದ್ದಕ್ಕಲ್ಲ, ಬರೆದದ್ದು ಕೈಗೆ ಸಿಗದೇ ಇದ್ದದ್ದಕ್ಕೆ.

ಮನೆಯವರು ನೋಡಿಕೊಳ್ಳಲಿ ಎನ್ನುವುದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದು ನಾಟಿ ಶುರುವಾಯಿತೆಂದರೆ ಇಲ್ಲಿನ ಎಷ್ಟೋ ತಾಯಂದಿರು ಹೊತ್ತು ಮೂಡುವ ಮೊದಲೇ ಗದ್ದೆಯಲ್ಲಿರುತ್ತಾರೆ. ಆ ಹುಡುಗನ ಮನೆಯಲ್ಲಿ ಪುಸ್ತಕಕ್ಕಿರುವುದು ಗೋಡೆಯ ಒಂದು ಗೂಡು. ಅದರಲ್ಲೇ ತಮ್ಮನ ಪುಸ್ತಕ, ಮೊಬೈಲ್ ಚಾರ್ಜರ್, ಪಡಿತರ ಚೀಟಿ. ಹಾಗಾಗಿ ಚೀಲ ಶಾಲೆಯಲ್ಲೇ ಸಿದ್ಧವಾಗಬೇಕು.

ಕೊನೆಯ ಅವಧಿಯಲ್ಲಿ ಗಂಟೆ ಹೊಡೆಯುವ ಐದು ನಿಮಿಷ ಮೊದಲೇ ಪಾಠ ನಿಲ್ಲಿಸುತ್ತೇನೆ. ಹಲಗೆಯ ಮೂಲೆಯಲ್ಲಿ ನಾಳೆಯ ವೇಳಾಪಟ್ಟಿ, ಇಂದಿನ ಹೋಂವರ್ಕ್. ಎರಡಕ್ಕೂ ಬೇಡವಾದ ಪುಸ್ತಕ ತರಗತಿಯ ಕಪಾಟಿಗೆ. 2019ರ ಸರ್ಕಾರಿ ಆದೇಶ ಆರರಿಂದ ಎಂಟನೆಯ ತರಗತಿಯವರ ಚೀಲಕ್ಕೆ 3ರಿಂದ 4 ಕಿಲೋ ಮಿತಿ ಹಾಕಿದೆ. ಹೀಗೆ ಮಾಡಿದರೆ ತಕ್ಕಡಿ ಹುಡುಕುವ ಕೆಲಸವೂ ಇಲ್ಲ. ಬಿಡಿ ಹಾಳೆಗಳಿಗೆಲ್ಲ ಸೇರಿ ದಾರದ ಒಂದೇ ಫೈಲು. ವಿಷಯಕ್ಕೊಂದು ಫೈಲು ಕೊಡಿಸಿ ಎನ್ನುವ ಸಹೋದ್ಯೋಗಿಗಳಿದ್ದಾರೆ. ಒಂದನ್ನೇ ಕಳೆಯುವವನಿಗೆ ಕಳೆಯಲು ಆರು ಕೊಡುವುದೇಕೆ?

ಜೋಡಿಸುವಾಗ ನಾನು ಕೈ ಹಾಕುವುದಿಲ್ಲ. ಮೊದಮೊದಲು ಬಾಯಲ್ಲಿ ಹೇಳುತ್ತಿದ್ದೆ, ಆಮೇಲೆ ಪಕ್ಕದವನು ನೋಡುತ್ತಿದ್ದ, ಈಗ ಆ ಹುಡುಗನೇ ಹಲಗೆ ನೋಡಿಕೊಳ್ಳುತ್ತಾನೆ. ವಾರದ ರಜೆ ಹಾಕಿ ಹತ್ತಿ ಬಿಡಿಸಲು ಹೋಗಿ ಬಂದರೆ ಮತ್ತೆ ಮೊದಲಿನಿಂದ ಹೇಳಬೇಕು. ಹೇಳುತ್ತೇನೆ.

ಸದ್ಯದ ತಲೆನೋವು ಯೋಜನಾ ಕಾರ್ಯ. ಹದಿನೈದು ದಿನ ಕೊಟ್ಟರೆ ಕೊನೆಯ ರಾತ್ರಿ ಶುರು ಮಾಡುತ್ತಾರೆ. ಹಾಗಾಗಿ ವಿಷಯ ಆರಿಸಲು ಒಂದು ದಿನಾಂಕ, ಚಿತ್ರಕ್ಕೆ ಇನ್ನೊಂದು, ಬರವಣಿಗೆಗೆ ಮತ್ತೊಂದು ಎಂದು ಅವರಿಂದಲೇ ಬರೆಸುತ್ತಿದ್ದೇನೆ. ಡ್ರಾಯಿಂಗ್ ಹಾಳೆ ಊರಲ್ಲಿ ಸಿಗುವುದಿಲ್ಲ. ಅದರ ಮುಂದೆ ಹುಡುಗ ‘ಅಪ್ಪ ಸಂತೆಗೆ ಹೋಗುವ ದಿನ’ ಎಂದು ಬರೆದಿದ್ದಾನೆ. ನಾನು ಸಹಿ ಹಾಕಿದೆ.