ಆಂಟಿಯ ಸಂಡಿಗೆ, ನನ್ನ ಪುದೀನ

ಮಾರ್ಚ್ 17, 2024, ಭಾನುವಾರ ರಾತ್ರಿ

ಇವತ್ತು ಬೈಸಿಕೊಂಡೆ. ಅದೂ ಸಂಡಿಗೆ ವಿಷಯಕ್ಕೆ.

ಬೆಳಿಗ್ಗೆ ಬಾಲ್ಕನಿಯ ಕುಂಡಗಳಿಗೆ ನೀರು ಹಾಕಿ ಒಳಗೆ ಬಂದು ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ ಅಷ್ಟೇ, ಬೆಲ್ಲಾಯಿತು. ಕೆಳಗಿನ ಮನೆ ಆಂಟಿ. ಕೈಯಲ್ಲೊಂದು ಸ್ಟೀಲ್ ತಟ್ಟೆ, ಅದರಲ್ಲಿ ನಾಲ್ಕು ಸಬ್ಬಕ್ಕಿ ಸಂಡಿಗೆ, ನಾಲ್ಕರ ಮೇಲೂ ಮಣ್ಣಿನ ಚುಕ್ಕೆ. "ನೋಡಮ್ಮ, ಊರಿಗೆಲ್ಲ ನೀರಿಗೆ ಬರ, ನನ್ನ ಸಂಡಿಗೆಗೆ ಮಾತ್ರ ಮಳೆ" ಅಂದರು. ನಗು ಬಂತು, ಆದರೆ ಅವರ ಮುಖ ನೋಡಿದರೆ ನಗುವ ಹಾಗಿರಲಿಲ್ಲ.

ಈಗ ಕುಂಡಕ್ಕೆ ನೀರು ಹಾಕುವುದೇ ಕಳ್ಳತನದ ಹಾಗೆ ಆಗಿದೆ. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಹೇಳಿ ಇನ್ನೂ ಹತ್ತು ದಿನ ಆಗಿಲ್ಲ. ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಕೈಕೊಟ್ಟ ಮೇಲೆ ಟ್ಯಾಂಕರೇ ಗತಿ, ಅದರ ದುಡ್ಡು ಎಲ್ಲರ ಮೇಲೂ ಹಂಚಿಕೆ ಆಗುತ್ತೆ, ಹಾಗಾಗಿ ಎಲ್ಲರ ಕಣ್ಣೂ ಪಕ್ಕದ ಮನೆಯ ನಲ್ಲಿ ಮೇಲೆ. ನಾನು ತಕ್ಷಣ, "ಆಂಟಿ, ಇದು ನಲ್ಲಿ ನೀರಲ್ಲ, ಅಕ್ಕಿ ತೊಳೆದದ್ದು, ಸೊಪ್ಪು ತೊಳೆದದ್ದು" ಅಂದೆ.

"ಯಾವ ನೀರಾದರೇನು, ಬಿದ್ದಿದ್ದು ನನ್ನ ಸಂಡಿಗೆ ಮೇಲೆ ತಾನೇ?"

ಅದಕ್ಕೆ ಏನು ಹೇಳಲಿ? ಒಳಗೆ ಬನ್ನಿ, ಕಾಫಿ ಕುಡಿಯಿರಿ ಅಂದೆ. ಬಂದವರು ಸೋಫಾ ಕಡೆ ತಿರುಗಿಯೂ ನೋಡದೆ ಸೀದಾ ಬಾಲ್ಕನಿಗೆ ಹೋದರು.

ನನ್ನ ತೋಟ ಅಂದರೆ ಈ ಬಾಲ್ಕನಿಯ ಕುಂಡಗಳೇ. ಗ್ರಿಲ್ ಮೇಲೆ ಪುದೀನ, ನೆಲದ ಮೇಲೆ ಕೊತ್ತಂಬರಿ, ಮೆಂತ್ಯ, ಅಮ್ಮ ಕೊಟ್ಟ ದೊಡ್ಡಪತ್ರೆ, ಮೂಲೆಯಲ್ಲಿ ಮುನಿಸಿಕೊಂಡು ನಿಂತ ಕರಿಬೇವು. ಪುದೀನದ ಬುಡ ಒಂದು ವಾರದಿಂದ ಕಪ್ಪಾಗುತ್ತಿತ್ತು. ಬಿಸಿಲು ಜಾಸ್ತಿ, ಪಾಪ ಬಾಯಾರಿದೆ ಅಂತ ನಾನು ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ಸುರಿಯುತ್ತಿದ್ದೆ. ಆಂಟಿ ಏನೂ ಮಾತಾಡದೆ ಬಳೆ ಹಿಂದಕ್ಕೆ ಸರಿಸಿ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೂ ಕುಂಡದೊಳಗೆ ಇಳಿಸಿದರು. ತೆಗೆದಾಗ ಬೆರಳ ತುಂಬ ಕೆಸರು. ಮೇಲೆ ನೋಡಿದರೆ ಒಣಗಿ ಪುಡಿಪುಡಿ. ಕುಂಡಕ್ಕೆ ತುಂಬಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಗೇ ಅಂತೆ, ಮೇಲುಗಡೆ ಒಣಗಿದ ಹಾಗೆ ಕಂಡರೂ ಒಳಗೆ ನೀರು ಹಿಡಿದುಕೊಂಡಿರುತ್ತೆ, ಅದಕ್ಕೇ ಕಣ್ಣಲ್ಲಿ ನೋಡಿ ನೀರು ಹಾಕಬಾರದು.

ಆಮೇಲೆ ಕುಂಡ ಎತ್ತಿ ಅಡಿ ನೋಡಿದರು. ಒಂದೇ ಒಂದು ತೂತು, ಅದೂ ಬೇರು, ನಾರು ಸೇರಿ ಮುಚ್ಚಿಹೋಗಿತ್ತು. ಕೆಳಗೆ ಹೋಗಬೇಕಾದ ನೀರು ಮೇಲೆ ನಿಂತು ಅಂಚಿನಿಂದ ಚೆಲ್ಲಿ ಸೀದಾ ಸಂಡಿಗೆಗೆ. "ಊರೆಲ್ಲ ನೀರಿಲ್ಲ ಅಂತ ಒದ್ದಾಡ್ತಿದೆ, ನೀನು ಗಿಡಾನ ಮುಳುಗಿಸಿ ಸಾಯಿಸ್ತಿದ್ದೀಯಲ್ಲೇ" ಅಂದರು. ಈಗ ಇಬ್ಬರೂ ನಕ್ಕೆವು.

ಸ್ಕ್ರೂಡ್ರೈವರ್ ತರಿಸಿ, ಗ್ಯಾಸಿನ ಮೇಲೆ ಕಾಯಿಸಿ, ಇನ್ನೂ ನಾಲ್ಕು ತೂತು ಮಾಡಿಸಿದರು. ಮನೆಯೆಲ್ಲ ಸುಟ್ಟ ಪ್ಲಾಸ್ಟಿಕ್ ವಾಸನೆ, ನಮ್ಮನೆಯವರು ಪೇಪರ್ ಮಡಚಿ ಎದ್ದು ಬಂದು ಏನಾಯ್ತು ಅಂತ ಕೇಳಿದರು. ಪುದೀನದಲ್ಲಿ ಗಟ್ಟಿಯಾಗಿದ್ದ ಐದಾರು ಕಡ್ಡಿ ಕತ್ತರಿಸಿ ಲೋಟದ ನೀರಿನಲ್ಲಿ ಇಟ್ಟಿದ್ದೇನೆ. ಆ ಕಡ್ಡಿಯನ್ನು ಬೆರಳಲ್ಲಿ ಹೊರಳಿಸಿ ನೋಡಿದ್ದೀರಾ? ದುಂಡಗಿರಲ್ಲ, ಚೌಕ. ಎಲೆ ಕಿತ್ತ ಗೆಣ್ಣಿನ ಹತ್ತಿರ ಒಂದು ವಾರದಲ್ಲಿ ಬಿಳಿ ಬೇರು ಬರುತ್ತೆ, ಮೊದಲನೇ ಸಲ ಮಾರ್ಕೆಟ್ಟಿನ ಕಟ್ಟಿನಿಂದಲೇ ಹಾಗೆ ಮಾಡಿದ್ದೆ. ಹೊಸದು ಇನ್ನು ಗ್ರಿಲ್ ಮೇಲೆ ಬೇಡ, ನೆಲದ ಮೇಲೆ, ಕೆಳಗೊಂದು ತಟ್ಟೆ ಇಟ್ಟು.

ಕೊತ್ತಂಬರಿಗೆ ಇನ್ನೊಂದು ಸುತ್ತು ಬೈಗುಳ. ಡಬ್ಬಿಯಿಂದ ಧನಿಯಾ ತೆಗೆದು ಇಡಿಯಾಗಿ ಚೆಲ್ಲಿದ್ದೆ, ಎದ್ದದ್ದು ಆರೋ ಏಳೋ. ಒಂದು ಕಾಳಿನೊಳಗೆ ಎರಡು ಬೀಜ ಇರುತ್ತೆ, ಲಟ್ಟಣಿಗೆಯಲ್ಲಿ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ ರಾತ್ರಿ ನೆನೆಸಬೇಕು. ಆಮೇಲೂ ಹತ್ತು ದಿನ ಕಾಯಬೇಕು. ಎದ್ದ ಮೇಲೆ ಕಿತ್ತು ಬೇರೆ ಕಡೆ ನೆಟ್ಟರೆ ಒಗ್ಗುವುದು ಕಷ್ಟ, ನೇರ ಇಳಿಯುವ ಬೇರು ಅದರದ್ದು. ಇಷ್ಟೆಲ್ಲ ಮಾಡಿದರೂ ಈ ಬಿಸಿಲಿಗೆ ಸೊಪ್ಪು ಬಿಡದೆ ಸುಮ್ನೆ ಹೂ ಬಿಟ್ಟು ಕೂರುತ್ತೆ. ಆಫೀಸಿನ ಹುಡುಗಿ ಮೊನ್ನೆ ಯಾವುದರಿಂದ ಶುರು ಮಾಡಲಿ ಅಂತ ಕೇಳಿದಾಗ ಕೊತ್ತಂಬರಿ ಅಂದಿದ್ದೆ, ನಾಳೆ ಹೋಗಿ ತಿದ್ದಬೇಕು. ಮೆಂತ್ಯ ಹಾಕು ಮಾರಾಯ್ತಿ. ರಾತ್ರಿ ನೆನೆಸಿ ಹಾಕಿದರೆ ಮೂರು ನಾಲ್ಕು ದಿನಕ್ಕೆ ತಲೆ ಎತ್ತುತ್ತೆ, ಮೂರು ನಾಲ್ಕು ವಾರಕ್ಕೆ ಪಲ್ಯ. ದೊಡ್ಡಪತ್ರೆಯಂತೂ ಒಂದು ತುಂಡು ಚುಚ್ಚಿದರೆ ಆಯಿತು, ಮರೆತರೂ ಬದುಕುತ್ತೆ.

ಸಂಜೆ ಅಮ್ಮನಿಗೆ ಫೋನ್ ಮಾಡಿ ಇದೆಲ್ಲ ಹೇಳಿದೆ. ಚೆನ್ನಾಗಿ ನಕ್ಕಳು. "ಗಿಡಕ್ಕೆ ಬೆರಳಿಟ್ಟು ನೋಡಿ ನೀರು ಹಾಕೋದಾ? ನಮ್ಮಲ್ಲಿ ಬಚ್ಚಲ ನೀರು ಹೋಗೋ ಕಡೆ ಅದರ ಪಾಡಿಗೆ ಅದು ಇರುತ್ತಪ್ಪ." ಹೌದು, ಊರಲ್ಲಿ ಬಚ್ಚಲ ಹಿಂದೆ ದೊಡ್ಡಪತ್ರೆ, ಒಂದೆಲಗ, ಕೆಸು ಎಲ್ಲ ಒಂದರ ಮೇಲೊಂದು ಬಿದ್ದು ಬೆಳೆದಿರುತ್ತಿತ್ತು, ಮಧ್ಯಾಹ್ನ ತಂಬುಳಿಗೆ ಅಂತ ಕೈ ಹಾಕಿದರೆ ಸಿಕ್ಕಿದ್ದೇ ಸೊಪ್ಪು. ಈಗಲೂ ಹಾಗೇ ಇದೆಯಾ ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಒಂದೆಲಗ ಒಣಗಿದೆ ಅಂದಳು. ಬಾವಿ ಕೆಳಗೆ ಹೋಗಿದೆ, ಅಪ್ಪ ಹಗ್ಗಕ್ಕೆ ಇನ್ನೊಂದು ತುಂಡು ಕಟ್ಟಿದ್ದಾರೆ, ಸ್ನಾನಕ್ಕೇ ಎರಡು ಕೊಡ ಅಂತ ಲೆಕ್ಕ ಅಂತೆ. ಹೋದ ಮಳೆಗಾಲ ಕೈಕೊಟ್ಟು ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರ ಹೇಳಿದಾಗ ಪೇಪರಲ್ಲಿ ಓದಿ ಪುಟ ತಿರುಗಿಸಿದ್ದೆ. ನಮ್ಮ ಬಾವಿ ಅದರಲ್ಲಿ ಸೇರುತ್ತೆ ಅಂತ ಹೊಳೆದೇ ಇರಲಿಲ್ಲ. ಅಮ್ಮ ತಕ್ಷಣ ಮಾತು ಬದಲಿಸಿ ಕರಿಬೇವಿಗೆ ಹುಳಿ ಮಜ್ಜಿಗೆ ನೀರು ಮಾಡಿ ಹಾಕು ಅಂದಳು.

ಆಂಟಿಯ ತಟ್ಟೆ ನಮ್ಮಲ್ಲೇ ಉಳಿದಿದೆ. ಆ ನಾಲ್ಕು ಸಂಡಿಗೆಯನ್ನು ಮಗಳು ಪುಟ್ಟಿ ಮಣ್ಣು ಒರೆಸಿ ಹಸಿಯಾಗೇ ತಿಂದಳು, ಕರಿಯುವವರೆಗೂ ಕಾಯಲಿಲ್ಲ. ಖಾಲಿ ತಟ್ಟೆ ವಾಪಸ್ ಕೊಡುವ ಹಾಗಿಲ್ಲ, ಮೆಂತ್ಯ ಕೊಯ್ಯುವುದಕ್ಕೆ ಇನ್ನೂ ಎಂಟು ದಿನ ಬೇಕು. ಯುಗಾದಿಗೆ ಊರಿಗೆ ಹೋಗುವುದಾ ಬೇಡವಾ ಅಂತ ಇವರು ಕೇಳುತ್ತಿದ್ದಾರೆ, ನಾವು ಮೂರು ಜನ ಹೋದರೆ ಅವರಿಗೆ ನೀರು...